ಹೆಗಲಿನ ಮೇಲೆ ನಿಂತ ನೆಲ

ಸತ್ತಾಗ ಹೊರುವವರಿಲ್ಲದವನಿಗೆ ಬದುಕಿರುವಾಗ ಮನೆ ಕಟ್ಟಲು ನೆಲವಿಲ್ಲ ಎಂಬ ಕಟ್ಟಳೆಯಿದ್ದ ಆ ಊರಿಗೆ ನಾನು ಹೋದದ್ದು, ಅಲ್ಲಿ ನೆಲ ಅಗ್ಗವೆಂಬ ಮಾತು ಕೇಳಿ. ಕಟ್ಟಳೆಯ ಸಂಗತಿ ತಿಳಿದದ್ದು ಅಲ್ಲಿ ಇಳಿದ ಮೇಲೆ.

ನಾನು ಕೊಳವೆಬಾವಿ ಕೊರೆಯುವ ಲಾರಿಯಲ್ಲಿ ಹರೆಯವನ್ನೂ ನಡುವಯಸ್ಸನ್ನೂ ಕಳೆದವನು. ಒಂದು ಹೊಲದಲ್ಲಿ ಇಳಿಯುವುದು, ಕಬ್ಬಿಣದ ಕೊಳವೆಗಳನ್ನು ಒಂದರ ತಲೆಗೆ ಇನ್ನೊಂದನ್ನು ಜೋಡಿಸಿ ಬಂಡೆಯೊಳಕ್ಕೆ ಇಳಿಸುವುದು, ನೀರು ಬಂದರೆ ಹೊಲದವರ ಹೂವಿನ ಹಾರವನ್ನೂ ಬಾರದಿದ್ದರೆ ಅವರ ಬೈಗುಳವನ್ನೂ ಹೊತ್ತು ಮುಂದಿನ ಊರಿಗೆ ಹೊರಡುವುದು. ಮದುವೆಯ ಮಾತು ಬಂದಾಗಲೆಲ್ಲ ಲಾರಿ ಇನ್ನೊಂದು ಜಿಲ್ಲೆಯಲ್ಲಿರುತ್ತಿತ್ತು. ಹೀಗೆ ಪರರ ಭೂಮಿಯಲ್ಲಿ ಪಾತಾಳದವರೆಗೆ ಇಳಿದು ಬಂದವನಿಗೆ, ಮೊಣಕಾಲು ಸೋತ ಮೇಲೆ, ಕಾಲು ಚಾಚುವಷ್ಟು ಅಗಲದ ನೆಲ ಎಲ್ಲಿಯೂ ಸಿಗಲಿಲ್ಲ. ಹಳ್ಳಿಗಳ ಅಂಚಿನಲ್ಲೆಲ್ಲ ಆಗಲೇ ಕಮಾನುಗಳೆದ್ದಿದ್ದವು. ಕಮಾನಿನ ಒಳಗೆ ಬಣ್ಣ ಬಳಿದ ಗೂಟಗಳು, ಹೊರಗೆ ಕರಿಕನ್ನಡಕ ಧರಿಸಿದ ದಲ್ಲಾಳಿ. ನನ್ನ ಚಪ್ಪಲಿಯನ್ನು ಒಮ್ಮೆ ನೋಡಿ, "ಯಜಮಾನ್ರೆ, ಇದು ನಿಮ್ಮ ಸೈಜಿಂದಲ್ಲ" ಎಂದವನೂ ಒಬ್ಬನಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ; ನಿಜವನ್ನೇ ಹೇಳಿದ್ದ.

ಉಪ್ಪಿನ ಲಾರಿಯೊಂದು ನನ್ನನ್ನು ಆ ಊರಿನ ತಿರುವಿನಲ್ಲಿ ಇಳಿಸಿತು. ಬೋಳು ಗುಡ್ಡಗಳ ನಡುವೆ ಅಂಗೈಯಲ್ಲಿ ಹಿಡಿದಂತಿದ್ದ ಊರು, ಹೂಳು ತುಂಬಿದ ಕೆರೆ. ಗುಡ್ಡದ ಇಳಿಜಾರಿನಲ್ಲಿ ಒಂದು ಹೊಂಗೆಯ ಮರ, ಮರದ ಪಕ್ಕದಲ್ಲಿ ಯಾರೂ ಬಿತ್ತದ ಕಲ್ಲುನೆಲ. ಅದನ್ನು ನೋಡಿದ ಕೂಡಲೇ ಮೊಣಕಾಲು ತಾನಾಗಿಯೇ ಮಡಚಿತು; ನಾನು ಅಲ್ಲಿ ಕುಳಿತುಬಿಟ್ಟೆ. ಎಷ್ಟೋ ಹೊಲಗಳಲ್ಲಿ ಕುಳಿತಿದ್ದೇನೆ; ಏಳಲು ಮನಸ್ಸಾಗದೆ ಕುಳಿತದ್ದು ಅದೇ ಮೊದಲು.

ನೆಲ ಊರಿನದು, ಅದನ್ನು ಕೊಡುವ ಅಧಿಕಾರ ಪಾಪಕ್ಕನದು. ಎಂಬತ್ತು ದಾಟಿದ, ಗಿಡ್ಡನೆಯ ಆ ಹೆಂಗಸಿನ ಹಿತ್ತಲಿನ ತುಂಬ ಮೊಣಕಾಲೆತ್ತರದ ಚೂಪುಗಲ್ಲುಗಳನ್ನು ಒಟ್ಟಿದ್ದರು. ಅವಳನ್ನು ಊರವರು ಕಲ್ಲು ಕಾಯುವವಳು ಎನ್ನುತ್ತಿದ್ದರು.

"ಬೆಲೆ ಏನು ದೊಡ್ಡದಲ್ಲಪ್ಪ," ಎಂದಳು ಪಾಪಕ್ಕ. "ಒಂದು ಬ್ಯಾಸಿಗೆ ಕೆರೆ ಹೂಳು ಹೊರಬೇಕು. ಆಮೇಲೆ ನೆಲದ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಒಂದೊಂದು ಕಲ್ಲು ಒಬ್ಬೊಬ್ಬರು ನೆಡಬೇಕು. ನೆಟ್ಟೋರು ನೀನು ಸತ್ತಾಗ ಹೆಗಲು ಕೊಡ್ತಾರೆ. ಅಷ್ಟೇಯ."

"ಮನಸ್ಸಿಲ್ಲದೆ ನೆಟ್ಟರೆ?"

"ಬೆಳಗ್ಗೆ ಹೊತ್ತಿಗೆ ಬಿದ್ದಿರ್ತದೆ."

"ಗಾಳಿಗೆ ಬೀಳುತ್ತದೆಯೇ?"

ಮಳೆ ಬಂದರೆ ನೆಲ ಒದ್ದೆಯಾಗುವುದೇಕೆ ಎಂದು ಕೇಳಿದವನನ್ನು ನೋಡುವಂತೆ ಆಕೆ ನನ್ನನ್ನು ನೋಡಿದಳು.

ಆ ಊರಿನಲ್ಲಿ ಬೆಳಿಗ್ಗೆ ಎದುರಾದವರನ್ನು ಊಟವಾಯಿತೇ ಎಂದು ಕೇಳುವ ರೂಢಿಯಿರಲಿಲ್ಲ, "ಕಲ್ಲು ನೆಟ್ಟಗವೆಯಾ?" ಎಂದು ಕೇಳುತ್ತಿದ್ದರು. ಹೆಂಗಸರಿಗೂ ಗಂಡಸರಿಗೂ ಒಂದೇ ಕಟ್ಟಳೆ: ಒಬ್ಬರಿಗೆ ಎರಡೇ ಹೆಗಲು, ಆದ್ದರಿಂದ ಎರಡೇ ಕಲ್ಲು. ಮಾತು ಕೊಟ್ಟವರನ್ನು ಹೊತ್ತು ಮುಗಿಸಿದ ಮೇಲೆಯೇ ಆ ಹೆಗಲು ಬಿಡುವಾಗುತ್ತಿತ್ತು. ಜಗಳವಾದ ರಾತ್ರಿ ಕಲ್ಲು ವಾಲುತ್ತಿತ್ತು. ಮರುದಿನ ನೆಲದ ಯಜಮಾನ ಒಂದು ಚೊಂಬು ಮಜ್ಜಿಗೆ ಹಿಡಿದು ಜಗಳವಾಡಿದವನ ಬಾಗಿಲಿಗೆ ಹೋಗುತ್ತಿದ್ದ. ಕಲ್ಲು ನೆಟ್ಟವರು ಮೊದಲೇ ತೀರಿಕೊಂಡರೆ ಕಲ್ಲು ಉರುಳುತ್ತಿತ್ತು. ಮುಂದಿನ ಮುಂಗಾರಿನೊಳಗೆ ಬೇರೊಂದು ಹೆಗಲು ಸಿಗದಿದ್ದರೆ ನೆಲ ಊರಿಗೆ ಮರಳುತ್ತಿತ್ತು, ನೆಲ ಕಳೆದುಕೊಂಡವರು ಊರಿನ ಛತ್ರಕ್ಕೆ ಹೋಗಬೇಕಿತ್ತು. ಛತ್ರದವರ ಕಡೆಯ ಪಯಣ ಎತ್ತಿನ ಗಾಡಿಯಲ್ಲಿ. ಹೆಣವನ್ನು ಗಾಡಿಗೆ ಹಾಕಿದರು ಎಂಬುದಕ್ಕಿಂತ ಕೆಟ್ಟ ಮಾತು ಅಲ್ಲಿ ಇರಲಿಲ್ಲ. ನಾನಂತೂ ಎಷ್ಟೋ ವರ್ಷಗಳಿಂದ ನನ್ನ ಪಾಲಿಗೆ ಯಾವುದೋ ಹೆದ್ದಾರಿಯ ಬದಿಯಲ್ಲಿ ಯಾರದೋ ಟೆಂಪೋ ಎಂದು ಲೆಕ್ಕ ಹಾಕಿಕೊಂಡಿದ್ದವನು. ಹೊಂಗೆಯ ಮರದ ಕೆಳಗೆ ಕುಳಿತ ಮೇಲೆ ಆ ಟೆಂಪೋ ಬೇಡವೆನಿಸಿತು.

ಹೂಳು ಹೊತ್ತೆ. ಹೂಳಿನ ಜೊತೆಗೆ, ನನಗೆ ತಿಳಿದ ರೀತಿಯಲ್ಲಿ, ಊರನ್ನೂ ಒಲಿಸಿಕೊಳ್ಳಲು ಹೊರಟೆ. ಹೋಟೆಲಿನ ತಿಪ್ಪೇಶಿಯ ಬಾವಿಗೆ ಬಿದ್ದಿದ್ದ ಮೋಟರನ್ನು ಎತ್ತಿಕೊಟ್ಟೆ. ಹಾಸಿಗೆ ಹೊಲಿಯುವ ಪೀರಾನ್ ಸಾಬರ ಅರಳೆಯ ಕೊಠಡಿಯಲ್ಲಿ ತಂಗಿದ್ದೆನಾದ್ದರಿಂದ ಅವರ ಸೂರಿಗೆ ಹೊಸ ತಗಡು ಹೊದಿಸಿದೆ. ತಿಪ್ಪೇಶಿಯ ಹೆಂಡತಿ ಸಾಕಮ್ಮ ಒಂದು ಮಧ್ಯಾಹ್ನ ರೊಟ್ಟಿ ಕಳಿಸಿದರೆ, ಸಂಜೆಯೊಳಗೆ ಆಕೆಯ ಒಲೆಗೆ ಹೊಸ ಹೊಗೆಗೂಡು ಎದ್ದಿರುತ್ತಿತ್ತು. ಬೇಸಿಗೆ ಮುಗಿಯುವ ವೇಳೆಗೆ ನನ್ನಿಂದ ಉಪಕಾರ ಪಡೆಯದ ಮನೆ ಆ ಬೀದಿಯಲ್ಲಿರಲಿಲ್ಲ. ಎದೆಯುಬ್ಬಿಸಿ ನಾಲ್ವರನ್ನು ಕರೆದೆ. ತಿಪ್ಪೇಶಿ, ಸಾಕಮ್ಮ, ಪೀರಾನ್ ಸಾಬ್, ಮತ್ತು ಹಿಟ್ಟಿನ ಗಿರಣಿ ನಡೆಸುವ ಹನುಮಕ್ಕ ಬಂದರು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ನಾಲ್ಕೂ ಕಲ್ಲು ನೆಟ್ಟರು.

ಮರುದಿನ ನಾನು ಹೋಗುವ ಮೊದಲೇ ಹನುಮಕ್ಕ ಅಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಆಳು. ಹುಬ್ಬಿನ ಮೇಲೆ ಸದಾ ಹಿಟ್ಟು, ನಾಲಿಗೆಯ ಮೇಲೆ ಸದಾ ಮೆಣಸು.

"ಏನಪ್ಪ ಲಾರಿ, ರಾತ್ರಿ ಕಲ್ಲಿಗೆ ಜೋಗುಳ ಹಾಡಿದ್ಯಾ? ನಾಲ್ಕೂ ಹಾಯಾಗಿ ಮಲಗವೆ."

ನಾಲ್ಕೂ ಮಲಗಿದ್ದವು, ಅವಳದ್ದೂ ಸೇರಿ. ಅದನ್ನು ಹೇಳಿದಾಗ ಅವಳು, "ನಂದು ಮೊದಲು ಬಿತ್ತು. ಈಗಲೇ ಹೇಳಿರ್ತೀನಿ, ನನ್ನ ಎಡಹೆಗಲು ನಿನಗಲ್ಲ. ಚಕ್ರ ಇರೋರಿಗೆ ನಾನು ಹೆಗಲು ಕೊಡಲ್ಲ" ಎಂದು ಗಿರಣಿಗೆ ಹೋದಳು. ಅಂದಿನಿಂದ ಊರಿನಲ್ಲಿ ದುರುಗಪ್ಪ ಎಂಬ ನನ್ನ ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಲಾರಿ ಎಂದೇ ಉಳಿಯಿತು.

ನಾನು ಪಾಪಕ್ಕನ ಹಿತ್ತಲಿಗೆ ಹೋಗಿ, ನನ್ನಿಂದೇನು ಕಡಿಮೆಯಾಯಿತು ಎಂದು ಕೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದಳು.

"ಕೆಲಸ ಮಾಡಿಕೊಟ್ಟೋರಿಗೆ ಕೂಲಿ ಕೊಡ್ತಾರೆ, ಮಗ. ಹೆಗಲು ಕೊಡಲ್ಲ. ನೀನು ಎಲ್ಲರ ಭಾರ ಎತ್ತಿಕೊಟ್ಟೆ. ನಿನ್ನ ಭಾರ ಎಷ್ಟು ಅಂತ ಯಾರಿಗಾದರೂ ಗೊತ್ತಾ? ಗೊತ್ತಿಲ್ಲದ ಭಾರನ ಹೊರ್ತೀನಿ ಅಂತ ಬಾಯಿ ಅನ್ನಬಹುದು. ಮೈ ಒಪ್ಪಲ್ಲ."

ಅದು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದ್ದು ಜ್ವರ. ಮೊದಲ ಮಳೆಗೆ ಹಿಡಿದ ಜ್ವರ ನನ್ನನ್ನು ಅರಳೆಯ ರಾಶಿಯ ಮೇಲೆ ಬಟ್ಟೆಯಂತೆ ಹರಡಿತು. ಪೀರಾನ್ ಸಾಬರು ಗಂಜಿ ಕುಡಿಸಲು ಬಂದರೆ, ನಾನು ಎದ್ದು ಅವರ ಅರಳೆ ಹಿಂಜುವ ಯಂತ್ರಕ್ಕೆ ಎಣ್ಣೆ ಹಾಕಲು ಹೊರಟೆನಂತೆ. "ಬಿದ್ಕೊಳ್ಳೋ ಮಾರಾಯ," ಎಂದು ಅವರು ನನ್ನ ಎದೆಯ ಮೇಲೆ ಕೈಯಿಟ್ಟು ಒತ್ತಿದರು. "ಗಂಜಿಗೆ ಬಾಡಿಗೆ ಇಲ್ಲ." ಒಬ್ಬರ ಕೈ ನನ್ನ ಎದೆಯ ಮೇಲೆ ಇದ್ದು ಎಷ್ಟು ಕಾಲವಾಗಿತ್ತೋ ತಿಳಿಯದು. ನಾನು ಎದೆಗೂಡು ಅಲುಗುವಂತೆ ಅತ್ತೆ. ಅವರು ಬೇರೆ ಕಡೆ ನೋಡುತ್ತ ಗಂಜಿ ಕಲಕುತ್ತ ಕುಳಿತರು. ಜ್ವರ ತಲೆಗೇರಿದಾಗ ಅವರೂ ತಿಪ್ಪೇಶಿಯೂ ಸಾಕಮ್ಮನೂ ನನ್ನನ್ನು ಹಾಸಿಗೆಯ ಸಮೇತ ಎತ್ತಿ, ಉಕ್ಕಿದ ಹಳ್ಳ ದಾಟಿಸಿ, ಆಚೆ ದಡದ ಡಾಕ್ಟರ ಬಳಿಗೆ ಹೊತ್ತೊಯ್ದರು. ಹಳ್ಳದ ನಡುವೆ ತಿಪ್ಪೇಶಿ, "ಈ ನನ್ಮಗ ಕಬ್ಬಿಣನೇ ತಿಂದು ಬೆಳೆದವ್ನೆ" ಎಂದು ಏದುಸಿರಿನಲ್ಲಿ ಬೈದದ್ದು ಮಾತ್ರ ನೆನಪಿದೆ.

ನಾನು ನಡೆಯುವಂತಾದಾಗ ಗುಡ್ಡದ ಇಳಿಜಾರಿನಲ್ಲಿ ಮೂರು ಕಲ್ಲು ನಿಂತಿದ್ದವು. ನಾನು ಕೇಳಿರಲಿಲ್ಲ. ಅವರೂ ಹೇಳಲಿಲ್ಲ.

ನಾಲ್ಕನೆಯದನ್ನು ನೆಟ್ಟವಳು ಪಾಪಕ್ಕ. ಕೋಲೂರಿಕೊಂಡು ಗುಡ್ಡ ಹತ್ತಿ ಬಂದು, ಕಲ್ಲನ್ನು ನನ್ನಿಂದಲೇ ಹೊರಿಸಿ, ತನ್ನ ಕೈಯಿಂದ ಗುಂಡಿಗೆ ಇಳಿಸಿದಳು. ನನಗಿಂತ ಇಪ್ಪತ್ತು ವರ್ಷ ಹಿರಿಯಳು ನನ್ನನ್ನು ಹೊರುವುದೆಂದರೇನು ಎಂದು ನಾನು ಸಂಕೋಚಪಟ್ಟಾಗ, "ಯಾಕೆ, ನನಗಿಂತ ತಡವಾಗಿ ಹೋಗೋ ಆಸೆ ಇಟ್ಟುಕೊಂಡಿದ್ದೀಯಾ?" ಎಂದಳು. ಆಮೇಲೆ ಮಣ್ಣು ಒತ್ತುತ್ತ, "ನಾನಿರೋವರೆಗೆ ನಿಂತಿರ್ತದೆ. ಅಷ್ಟರೊಳಗೆ ಇನ್ನೊಬ್ಬರನ್ನ ಸಂಪಾದಿಸ್ಕೋ" ಎಂದಳು. ಮರುದಿನ ನಾಲ್ಕೂ ನೆಟ್ಟಗಿದ್ದವು. ನಾನು ಊರಿನವನಾದೆ. ಪಾಯದ ಕಲ್ಲುಗಳನ್ನು ಹೊಂಗೆಯ ಬುಡದಲ್ಲಿ ಕೂಡಿಡತೊಡಗಿದೆ: ಒಂದು ಕೋಣೆ, ಒಂದು ಪಡಸಾಲೆ, ಪೂರ್ವಕ್ಕೆ ಬಾಗಿಲು.

ಪಾಪಕ್ಕನ ಸ್ವಂತ ನೆಲಕ್ಕೂ ನಾಲ್ಕು ಕಲ್ಲುಗಳಿದ್ದವು: ಹನುಮಕ್ಕನದು, ಪೀರಾನ್ ಸಾಬರದು, ಸಾಕಮ್ಮನದು, ಕುರಿ ಕಾಯುವ ಮುದುಕ ಬೋರಯ್ಯನದು. ಆ ಚಳಿಗಾಲದಲ್ಲಿ ಬೋರಯ್ಯ ತೀರಿಕೊಂಡ. ಪಾಪಕ್ಕನ ಬಚ್ಚಲ ಪಕ್ಕದ ಕಲ್ಲು ಉರುಳಿತು. ಊರು ಅದನ್ನು ದೊಡ್ಡದು ಮಾಡಲಿಲ್ಲ. ಊರಿಗೆಲ್ಲ ಕಲ್ಲು ಕೊಟ್ಟವಳು ಆಕೆ. ಆಕೆಗೆ ಯಾರಾದರೂ ಕೊಟ್ಟೇ ಕೊಡುತ್ತಾರೆ ಎಂದು ಎಲ್ಲರೂ ನಂಬಿದ್ದರು. ಬಿಡುವಿದ್ದ ಒಂದೊಂದು ಹೆಗಲನ್ನು ಅತ್ತೆಗೆಂದೋ ಅಣ್ಣನಿಗೆಂದೋ ಎತ್ತಿಟ್ಟುಕೊಂಡು, ಪಾಪಕ್ಕನಿಗೆ ಕೊಡುವವರು ಇನ್ನೊಂದು ಬೀದಿಯಲ್ಲಿದ್ದಾರೆಂದು ತಿಳಿದಿದ್ದರು. ಕಲ್ಲು ಕಾಯುವವಳು ತನಗಾಗಿ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಆಕೆ ಕೇಳಲಿಲ್ಲ. ಮುಂಗಾರಿನ ಮೋಡಗಳು ಗುಡ್ಡದ ಹಿಂದೆ ಕಾಣಿಸಿಕೊಂಡ ದಿನ, ಆಕೆ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದುದನ್ನು ನಾನು ಕಂಡೆ.

"ಎಲ್ಲಿಗೆ, ಪಾಪಕ್ಕ?"

"ಛತ್ರಕ್ಕೆ. ನೀರು ಚೆನ್ನಾಗದೆ ಅಲ್ಲಿ."

ನನ್ನ ಎರಡು ಹೆಗಲೂ ಬಿಡುವಾಗಿದ್ದವು. ನಾನೀಗ ನೆಲವಿದ್ದವನು, ಹೆಗಲು ಕೊಡುವ ಹಕ್ಕಿತ್ತು. ಅಂದೇ ಸಂಜೆ ಎಲ್ಲರೂ ನೋಡುತ್ತಿರುವಾಗ ಆಕೆಯ ಬಚ್ಚಲ ಪಕ್ಕದಲ್ಲಿ ಗೇಣುದ್ದ ಅಗೆದು ಕಲ್ಲು ನೆಟ್ಟೆ. ನೆಲ ಅಗೆಯುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆನೆ ಗುದ್ದಿದರೂ ಅಲುಗದಂತೆ ಜಲ್ಲಿ ತುಂಬಿ ಜಡಿದೆ.

ಬೆಳಿಗ್ಗೆ ಅದು ಬಿದ್ದಿತ್ತು. ಜಲ್ಲಿ ಜಲ್ಲಿಯಾಗಿಯೇ, ಗುಂಡಿ ಗುಂಡಿಯಾಗಿಯೇ ಇತ್ತು. ಕಲ್ಲು ಮಾತ್ರ, ಮಗ್ಗುಲು ಬದಲಿಸಿದವರಂತೆ, ಅಂಗಳದಲ್ಲಿ ಮಲಗಿತ್ತು.

ಏಕೆಂದು ನನಗೆ ಗೊತ್ತಿತ್ತು. ಅದಕ್ಕೆ ಕೆಲವು ದಿನ ಮೊದಲು ಲಾರಿಯ ಮಾಲೀಕ ಫೋನ್ ಮಾಡಿದ್ದ. ಪಡುವಣದ ಕಡೆ ದೊಡ್ಡ ಕೆಲಸ ಸಿಕ್ಕಿದೆ. ಕೊಳವೆ ಜೋಡಿಸುವುದು ಬೇಡ, ಸೀಟಿನಲ್ಲಿ ಕುಳಿತು ಹುಡುಗರಿಗೆ ಹೇಳಿಕೊಟ್ಟರೆ ಸಾಕು. ಒಂದು ಹಂಗಾಮು ಬಾ ಎಂದಿದ್ದ. ನಾನು ಬರುವುದಿಲ್ಲ ಎನ್ನಲಿಲ್ಲ. ನೋಡೋಣ ಎಂದಿದ್ದೆ. ಆ ರಾತ್ರಿ ಕನಸಿನಲ್ಲಿ ಡೀಸೆಲಿನ ವಾಸನೆ ಬಂದಿತ್ತು. ಎಚ್ಚರವಾದಾಗ ಮನಸ್ಸು ಹಗುರವಾಗಿತ್ತು. ಹೆಗಲು ಕೊಡುತ್ತೇನೆಂದು ಕಲ್ಲು ನೆಡುವಾಗಲೂ ಒಳಗೆಲ್ಲೋ ಒಂದು ಎಂಜಿನ್ ಸಣ್ಣಗೆ ಓಡುತ್ತಲೇ ಇತ್ತು.

ಜನ ಕಲ್ಲನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗಿರಣಿಯ ಬಾಗಿಲಲ್ಲಿ ಹನುಮಕ್ಕ ಮಾತ್ರ ತನಗೆ ತಾನೇ ಹೇಳಿಕೊಳ್ಳುವಂತೆ, "ನಾನು ಹೇಳಿರ್ಲಿಲ್ವಾ, ಚಕ್ರ" ಎಂದಳು. ಅವಳ ದನಿಯಲ್ಲಿ ಮೆಣಸಿರಲಿಲ್ಲ, ಬೇಸರವಿತ್ತು. ಮಧ್ಯಾಹ್ನ ನನ್ನ ನೆಲಕ್ಕೆ ಹೋದಾಗ ಪೀರಾನ್ ಸಾಬರ ಕಲ್ಲು ಒಂದು ಕಡೆಗೆ ವಾಲಿತ್ತು. ಅದನ್ನು ಕೈಯಿಂದ ನೆಟ್ಟಗೆ ಮಾಡಲು ಹೋದೆ, ಕೈ ಹಿಂದೆಗೆದೆ. ಮಜ್ಜಿಗೆ ಒಯ್ದು ಸರಿಪಡಿಸುವ ಜಗಳವಾಗಿರಲಿಲ್ಲ ಅದು.

ಪಾಪಕ್ಕನ ಬಳಿ ಕ್ಷಮೆ ಕೇಳಲು ಹೋದೆ. ಗೋಣಿಗೆ ಗಂಟು ಹಾಕಿ ಆಗಿತ್ತು.

"ಅಳಬೇಡ," ಎಂದಳು. "ಬಿದ್ದದ್ದು ಒಳ್ಳೇದಾಯ್ತು. ಸುಳ್ಳಿಗೆ ನಿಂತಿದ್ರೆ ನಾನು ಸತ್ತ ದಿವಸ ಎಲ್ಲರೂ ದಾರಿ ನೋಡ್ತಾ ಕೂರೋರು, ಲಾರಿ ಬಂತಾ ಅಂತ."

"ನಾನು ಹೋಗುವುದಿಲ್ಲ, ಪಾಪಕ್ಕ."

"ಅದನ್ನ ನನಗೆ ಹೇಳಬೇಡ. ನನಗೆ ಹೇಳೋದು ಸಲೀಸು."

ನಾನು ತಿಪ್ಪೇಶಿಯ ಹೋಟೆಲಿಗೆ ಹೋಗಿ ಮಾಲೀಕನಿಗೆ ಫೋನ್ ಮಾಡಿದೆ. ಆತ ಒಳ್ಳೆಯವನು, ಏನೂ ಸಿಟ್ಟು ಮಾಡಲಿಲ್ಲ. ಬರುವುದಿಲ್ಲವೆಂದರೆ ಎಂದಿಗೂ ಬರುವುದಿಲ್ಲವೋ ಎಂದು ಕೇಳಿದ. ಎಂದಿಗೂ ಇಲ್ಲ ಎಂದೆ. ಫೋನ್ ಇಟ್ಟ ಮೇಲೆ ಎದೆಯೊಳಗೆ ಓಡುತ್ತಿದ್ದುದು ನಿಂತಿತು. ಆ ನಿಶ್ಶಬ್ದ ಸುಖವಾಗಿರಲಿಲ್ಲ. ಇಷ್ಟು ವರ್ಷ ಅದರ ಸದ್ದಿನಲ್ಲಿಯೇ ನಿದ್ದೆ ಮಾಡಿದವನು ನಾನು. ಮಾರನೆಯ ದಿನ ಮತ್ತೆ ಕಲ್ಲು ನೆಡಬೇಕೆಂದುಕೊಂಡೆ.

ಆ ಮಾರನೆಯ ದಿನ ಪಾಪಕ್ಕ ಎದ್ದೇಳಲಿಲ್ಲ. ಛತ್ರಕ್ಕೆ ಹೋಗದೆ, ತನ್ನ ಮನೆಯಲ್ಲಿಯೇ, ಕಟ್ಟಿದ ಗೋಣಿಗೆ ತಲೆಯಿಟ್ಟು ಹೋಗಿದ್ದಳು. ನನ್ನ ನೆಲದ ಮೂಲೆಯ ಆಕೆಯ ಕಲ್ಲು ಆ ಬೆಳಿಗ್ಗೆಯೇ ಉರುಳಿತೆಂದು ಯಾರೋ ಬಂದು ಹೇಳಿದರು. ನನ್ನ ನೆಲ ಹೋದಂತೆಯೇ ಆಗಿತ್ತು. ತಾನು ನೆಟ್ಟ ಕಲ್ಲೇ ಬಿದ್ದವನಿಗೆ ಮುಂಗಾರು ಇಳಿಯುವುದರೊಳಗೆ ಹೆಗಲು ಕೊಡುವವರು ಯಾರು?

ಚಟ್ಟ ಕಟ್ಟಿದರು. ಹನುಮಕ್ಕ ಮುಂದಿನ ಎಡಮೂಲೆಗೆ ಬಂದಳು. ಹಿಂದಿನ ಎರಡು ಮೂಲೆಗಳಿಗೆ ಪೀರಾನ್ ಸಾಬರೂ ಸಾಕಮ್ಮನೂ ಬಂದರು. ಮುಂದಿನ ಬಲಮೂಲೆ ಬರಿದಾಗಿತ್ತು. ಇಡೀ ಊರು ಅಲ್ಲಿ ನಿಂತಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಹೆಗಲನ್ನು ಮುಟ್ಟಿನೋಡಿಕೊಳ್ಳುವಂತೆ ನಿಂತಿದ್ದರು. ಈಗ ಅವರಿಗೆ ತಿಳಿದಿತ್ತು. ಆದರೆ ಕಲ್ಲಿಲ್ಲದ ಮೂಲೆಗೆ ಹೋದರೆ ಚಟ್ಟ ಏಳುವುದಿಲ್ಲ ಎಂಬುದು ಅಲ್ಲಿನ ಹಳೆಯ ನಂಬಿಕೆ. ತಿಪ್ಪೇಶಿ ತಲೆತಗ್ಗಿಸಿ ಗಾಡಿ ತರಲು ಹೊರಟ. ಎತ್ತಿನ ಕೊರಳ ಗೆಜ್ಜೆಯನ್ನು ಬಿಚ್ಚಿಡುತ್ತಿದ್ದ ಸದ್ದು ಕೇಳಿಸಿತು.

ನಾನು ಹೋಗಿ ಆ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತೆ.

"ನಿನ್ನ ಕಲ್ಲು ಬಿದ್ದದೆ," ಎಂದಳು ಹನುಮಕ್ಕ, ನನ್ನ ಕಡೆ ತಿರುಗದೆ.

"ಬಿದ್ದಿದೆ," ಎಂದೆ.

ಪೀರಾನ್ ಸಾಬರು ಹಿಂದಿನಿಂದ, "ಹೂಂ, ಎಲ್ಲರೂ ಒಟ್ಟಿಗೆ" ಎಂದರು. ಸೋತ ಮೊಣಕಾಲು ನೋವಿನಿಂದ ಕೂಗಿತು. ಬಿದಿರು ನನ್ನ ಕತ್ತಿನ ಪಕ್ಕಕ್ಕೆ ಬಂದು ಕುಳಿತಿತು, ಚಟ್ಟ ಎದ್ದಿತು.

ಎಷ್ಟೋ ಟನ್ನು ಕಬ್ಬಿಣವನ್ನು ಹೊತ್ತ ಹೆಗಲು ನನ್ನದು. ಹಕ್ಕಿಯಷ್ಟಿದ್ದ ಆ ಮುದುಕಿ ಅದಕ್ಕೆ ಹಗುರವಾಗಬೇಕಿತ್ತು. ಆಗಲಿಲ್ಲ. ಕಬ್ಬಿಣ ಹೊತ್ತವನು ಯಾವ ಕ್ಷಣದಲ್ಲಾದರೂ ಇಳಿಸಬಹುದು. ಇದು ಇಳಿಸಲಾಗದ ಭಾರ. ಮಳೆಯ ಮೊದಲ ಹನಿಗಳು ಬೀಳತೊಡಗಿದವು. ಗುಡ್ಡದ ಆಚೆಯ ಇಳಿಜಾರಿನಲ್ಲಿ ಕಲ್ಲು ಜಾರುತ್ತಿತ್ತು, ಭಾರವೆಲ್ಲ ಮುಂದಿನವರ ಮೇಲೆ ಬಂತು. ನನ್ನ ಮೊಣಕಾಲು ಎರಡು ಬಾರಿ ಕುಸಿಯಿತು. ಎರಡು ಸಲವೂ ಹನುಮಕ್ಕ ನಿಂತು, ನಾನು ಸರಿಯಾಗುವವರೆಗೆ ತನ್ನ ಕಡೆಗೆ ಬಿದಿರನ್ನು ಎಳೆದುಕೊಂಡಳು. "ಹೆಜ್ಜೆ ಕೂಡಿಸು," ಎಂದಳು ಅಷ್ಟೆ. ಕೂಡಿಸಿದೆ. ಕೆಳಗೆ ಗುಂಡಿಯ ಬಳಿ ತಲುಪುವವರೆಗೆ ನಾಲ್ವರ ಹೆಜ್ಜೆಗಳೂ ಒಂದೇ ಸದ್ದು ಮಾಡುತ್ತಿದ್ದವು.

ಮಣ್ಣು ಮಾಡಿ, ಕೆರೆಗೆ ಬಂದು ಮಿಂದೆವು. ನಾನು ಹೊತ್ತ ಹೂಳಿನ ಜಾಗದಲ್ಲಿ ಕೆಂಪು ನೀರು ಸೇರುತ್ತಿತ್ತು. ಉಳಿದವರು ಊರಿನ ಕಡೆ ನಡೆದರು. ನಾನು ದಡದಲ್ಲಿ ಕುಳಿತು, ಅರಳೆಯ ಕೊಠಡಿಯಲ್ಲಿದ್ದ ನನ್ನ ಬಟ್ಟೆಗಳನ್ನು ಛತ್ರಕ್ಕೆ ಸಾಗಿಸಲು ಒಂದೇ ಗಂಟು ಸಾಕಾದೀತೇ ಎಂದು ಯೋಚಿಸುತ್ತಿದ್ದೆ. ಛತ್ರವಾದರೂ ಸರಿ, ಈ ಊರಿನದೇ ಎಂದು ಮನಸ್ಸು ತಣ್ಣಗೆ ಒಪ್ಪಿಕೊಂಡಿತ್ತು.

ಹನುಮಕ್ಕ ಹೋಗಿರಲಿಲ್ಲ. ನಾಲ್ಕು ಮಾರು ದೂರದಲ್ಲಿ ಸೆರಗು ಹಿಂಡುತ್ತ ನಿಂತಿದ್ದಳು. ಹುಬ್ಬಿನ ಹಿಟ್ಟೆಲ್ಲ ತೊಳೆದುಹೋಗಿ ಅವಳ ಮುಖ ಬೇರೆ ಯಾರದೋ ಆಗಿ ಕಂಡಿತು.

"ನನ್ನ ಬಲಹೆಗಲು ಇವತ್ತು ಬಿಡುವಾಯ್ತು," ಎಂದಳು.

ನಾನು ಅವಳನ್ನೇ ನೋಡಿದೆ. "ನನ್ನ ಭಾರ ನಿನಗೆ ಗೊತ್ತಿಲ್ಲ, ಹನುಮಕ್ಕ. ಜ್ವರದಲ್ಲಿ ಹೊತ್ತವರಲ್ಲಿ ನೀನಿರಲಿಲ್ಲ."

"ಇಳಿಜಾರಲ್ಲಿ ಎರಡು ಸಲ ಗೊತ್ತಾಯ್ತು," ಎಂದಳು ಅವಳು. ಹಿಂಡಿದ ಸೆರಗನ್ನು ಒದರಿ ತಲೆಯ ಮೇಲೆ ಹೊದ್ದು, ಗಿರಣಿಯ ಕಡೆಗಲ್ಲ, ಹಿತ್ತಲಿನಲ್ಲಿ ಕಲ್ಲುಗಳನ್ನು ಒಟ್ಟಿದ್ದ ಪಾಪಕ್ಕನ ಮನೆಯ ಕಡೆಗೆ ತಿರುಗಿದಳು. "ಏಳು. ಮಳೆ ಜೋರಾಗೋದ್ರೊಳಗೆ ಗುಂಡಿ ತೋಡಬೇಕು. ನೆನೆದ ಮಣ್ಣು ನಿನಗೆ ಒಗ್ಗುತ್ತೋ ಇಲ್ವೋ."

ನಾನು ಮೊಣಕಾಲಿನ ಮೇಲೆ ಕೈಯೂರಿ ಎದ್ದೆ. ಎದ್ದೇಳಲು ಕಷ್ಟವಾಯಿತು. ಅವಳು ಬಂದು ತೋಳು ಹಿಡಿದಳು, ನಾನು ಬಿಡಿಸಿಕೊಳ್ಳಲಿಲ್ಲ.